ಕೊರತೆ ತೋರಿಸಿ ವ್ಯಾಯಾಮ ಮಾರುವ ಜಾಹೀರಾತುಗಳು: ಪತ್ರಿಕೆ ಕೇಳಬೇಕಾದ ಪ್ರಶ್ನೆಗಳು

ಮಾನ್ಯ ಸಂಪಾದಕರೆ,

ಜಿಮ್, ತೂಕ ಇಳಿಸುವ ಕೋರ್ಸ್, ಪ್ರೋಟೀನ್ ಪುಡಿ, ವ್ಯಾಯಾಮದ ಆ್ಯಪ್, ಬೆವರು ಬೆಲ್ಟ್ – ಹೆಂಗಸರಿಗೆಂದೇ ಬರುವ ಈ ಜಾಹೀರಾತುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ರಾಚುತ್ತದೆ. ಬಹಳಷ್ಟರಲ್ಲಿ ಮುಖವೇ ಇರುವುದಿಲ್ಲ. ಕುತ್ತಿಗೆಯಿಂದ ಕೆಳಗೆ, ಮಂಡಿಯಿಂದ ಮೇಲೆ ಚಿತ್ರವನ್ನು ಕತ್ತರಿಸಿರುತ್ತಾರೆ, ಹೊಟ್ಟೆಯ ಸುತ್ತ ಅಳತೆ ಟೇಪು ಸುತ್ತಿರುತ್ತಾರೆ. ಗಂಡಸರ ಜಾಹೀರಾತಿನಲ್ಲಿ ಎತ್ತುವ ಭಾರ, ಓಡುವ ದೂರ, ಛಲದ ಮಾತು ಬರುತ್ತದೆ. ಹೆಂಗಸರ ಸರದಿ ಬಂದಾಗ ಎಷ್ಟು ಕಿಲೊ, ಎಷ್ಟು ಇಂಚು ಇಳಿಯಿತು ಎಂಬುದೊಂದೇ ಲೆಕ್ಕ.

ನಾವು ಹೆಂಗಸರಿಗೆ ವ್ಯಾಯಾಮ ಹೇಳಿಕೊಡುವವರು ಮತ್ತು ಫಿಸಿಯೊಥೆರಪಿ ಮಾಡುವವರು. ವ್ಯಾಯಾಮ ಹೆಚ್ಚು ಜನರನ್ನು ಮುಟ್ಟಲಿ ಎಂಬುದೇ ನಮ್ಮ ಆಸೆ, ಅದರ ಪ್ರಚಾರಕ್ಕೆ ನಮ್ಮ ವಿರೋಧವಿಲ್ಲ. ಆದರೆ ಮೊದಲು ದೇಹದಲ್ಲೊಂದು ಕೊರತೆ ತೋರಿಸಿ, ನಾಚಿಕೆ ಹುಟ್ಟಿಸಿ, ಆ ನಾಚಿಕೆಗೆ ಔಷಧಿಯೆಂಬಂತೆ ವ್ಯಾಯಾಮವನ್ನು ಮಾರುವ ಕ್ರಮ ತಪ್ಪು. ಇಂಥ ಜಾಹೀರಾತು ದೇಹದ ಬಗ್ಗೆ ಹೇಳುವುದರಲ್ಲಿ ಹೆಚ್ಚಿನದು ಸುಳ್ಳು. ಹೆಂಗಸರು ತಮ್ಮ ಬಗ್ಗೆ ಇಟ್ಟುಕೊಂಡ ಗೌರವವನ್ನು ಅದು ಕುಗ್ಗಿಸುತ್ತದೆ. ಕೊನೆಗೆ ಅವರನ್ನು ವ್ಯಾಯಾಮದಿಂದಲೇ ದೂರ ಮಾಡುತ್ತದೆ. ಪತ್ರಿಕೆಯ ಪುಟಗಳಲ್ಲೂ ಇವು ಅಚ್ಚಾಗುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

‘ಮೊದಲು – ನಂತರ’ ಎಂಬ ಜೋಡಿ ಚಿತ್ರದಿಂದ ಶುರು ಮಾಡೋಣ. ಈ ಎರಡನ್ನೂ ಒಂದೇ ದಿನ, ಒಂದೇ ಗಂಟೆಯೊಳಗೆ, ಒಬ್ಬರನ್ನೇ ನಿಲ್ಲಿಸಿ ತೆಗೆಯಲು ಸಾಧ್ಯ. ‘ಮೊದಲು’ ಚಿತ್ರಕ್ಕೆ ಹೊಟ್ಟೆ ತುಂಬ ಊಟ, ನೀರು ಆದ ಮೇಲೆ ನಿಲ್ಲಿಸುತ್ತಾರೆ. ಬೆಳಕು ಎದುರಿನಿಂದ ನೇರವಾಗಿ ಬೀಳುತ್ತದೆ. ಎದುರು ಬೆಳಕಿಗೆ ನೆರಳೆಲ್ಲ ಅಳಿಸಿಹೋಗಿ ಮೈ ಚಪ್ಪಟೆಯಾಗಿ, ಅಗಲವಾಗಿ ಕಾಣುತ್ತದೆ. ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು, ಹೆಗಲು ಇಳಿಬಿಟ್ಟು, ಸೊಂಟವನ್ನು ಮುಂದಕ್ಕೆ ವಾಲಿಸಿ ನಿಂತರೆ ಯಾರ ಹೊಟ್ಟೆಯಾದರೂ ಮುಂದೆ ಬರುತ್ತದೆ. ಉಡುಪಿನ ಪಟ್ಟಿಯನ್ನು ಸೊಂಟದ ಮೆತ್ತನೆಯ ಜಾಗಕ್ಕೇ ಒತ್ತುವಂತೆ ಕೆಳಗಿಳಿಸಿರುತ್ತಾರೆ, ಅದರ ಮೇಲೆ ಚರ್ಮ ಉಬ್ಬಿ ನಿಲ್ಲುತ್ತದೆ. ಮುಖದಲ್ಲಿ ನಗೆ ಇರಬಾರದು.

‘ನಂತರ’ ಚಿತ್ರಕ್ಕೆ ಎಲ್ಲವೂ ತಿರುವುಮುರುವು. ಹೊಕ್ಕುಳ ಮುಚ್ಚುವಷ್ಟು ಎತ್ತರದ ಬಿಗಿ ಲೆಗ್ಗಿಂಗ್ಸ್. ಬೆಳಕು ಮೇಲಿನಿಂದ, ಒಂದಿಷ್ಟು ಪಕ್ಕಕ್ಕೆ. ಹೀಗೆ ಬಿದ್ದ ಬೆಳಕಿಗೆ ಹೊಟ್ಟೆಯ, ತೋಳಿನ ಸಣ್ಣ ಏರಿಳಿತದಲ್ಲೂ ನೆರಳು ಕೂತು ಸ್ನಾಯುಗಳು ಎದ್ದು ಕಾಣುತ್ತವೆ. ಕ್ಯಾಮೆರಾ ಮುಂದೆ ಬರುವ ಮೊದಲು ಐದು–ಹತ್ತು ನಿಮಿಷ ಪುಷ್‌ಅಪ್, ರಬ್ಬರ್ ಬ್ಯಾಂಡ್ ಎಳೆತ ಮಾಡಿಸಿದರೆ ಸ್ನಾಯುಗಳಿಗೆ ರಕ್ತ ನುಗ್ಗಿ ಅರ್ಧ ಗಂಟೆಯ ಮಟ್ಟಿಗೆ ಉಬ್ಬಿರುತ್ತವೆ. ಮೈಗೆ ತೆಳುವಾಗಿ ಎಣ್ಣೆ ಸವರುತ್ತಾರೆ. ಕ್ಯಾಮೆರಾಕ್ಕೆ ಎದುರಾಗಿ ನಿಲ್ಲದೆ 45 ಡಿಗ್ರಿ ತಿರುಗಿ, ಭಾರವನ್ನು ಹಿಂದಿನ ಕಾಲಿಗೆ ಹಾಕಿ, ತೋಳನ್ನು ಪಕ್ಕೆಯಿಂದ ನಾಲ್ಕು ಬೆರಳು ದೂರ ಹಿಡಿದು, ಅರ್ಧ ಉಸಿರು ಬಿಟ್ಟು ಹೊಟ್ಟೆ ಬಿಗಿ ಹಿಡಿಯುವುದು ಇಲ್ಲಿನ ಸಾಮಾನ್ಯ ಭಂಗಿ. ಲೆನ್ಸ್ ಬದಲಾದರಂತೂ ದೇಹವೇ ಬದಲಾದಂತೆ. ಹತ್ತಿರ ನಿಂತು 24 ಮಿ.ಮೀ. ಲೆನ್ಸಿನಲ್ಲಿ ತೆಗೆದರೆ ಕ್ಯಾಮೆರಾಕ್ಕೆ ಸಮೀಪದ ಭಾಗ ಊದಿಕೊಳ್ಳುತ್ತದೆ. ದೂರ ಸರಿದು 85 ಮಿ.ಮೀ.ಯಲ್ಲಿ ತೆಗೆದರೆ ಆ ಊತ ಮಾಯ. ಇಷ್ಟರಲ್ಲಿ ಕಂಪ್ಯೂಟರ್ ಇನ್ನೂ ಕೈ ಹಾಕಿಲ್ಲ, ಒಂದು ಗ್ರಾಂ ಕೊಬ್ಬೂ ಕರಗಿಲ್ಲ.

ಕಂಪ್ಯೂಟರ್ ಕೆಲಸ ಆಮೇಲಿನದು. ಸೊಂಟ ಒಳಕ್ಕೆ ತಳ್ಳುವುದು, ತೊಡೆಯ ನಡುವೆ ಸಂದು ಮಾಡುವುದು, ಚರ್ಮದ ರಂಧ್ರ, ಹೆರಿಗೆ ಗೆರೆ, ಕಂಕುಳ ಪಕ್ಕದ ಮಡಿಕೆ ಅಳಿಸುವುದು ಕೆಲವು ನಿಮಿಷಗಳ ಕೆಲಸ. ಗುರುತು ಹಿಡಿಯಬೇಕೆಂದರೆ ದೇಹವನ್ನು ಬಿಟ್ಟು ಹಿನ್ನೆಲೆಯನ್ನು ನೋಡಬೇಕು. ಸೊಂಟದ ಹತ್ತಿರ ಬಾಗಿಲ ಚೌಕಟ್ಟು, ನೆಲದ ಟೈಲ್ಸ್ ಗೆರೆ, ಜಿಮ್ ಯಂತ್ರದ ಕಂಬಿ ಬಾಗಿದ್ದರೆ ಅಲ್ಲಿ ಚಿತ್ರವನ್ನು ಎಳೆದಿದ್ದಾರೆ. ಕನ್ನಡಿಯಲ್ಲಿನ ಪ್ರತಿಬಿಂಬಕ್ಕೂ ಎದುರಿನ ದೇಹಕ್ಕೂ ಆಕಾರ ಹೊಂದದಿರುವುದು, ಬಗ್ಗಿ ಕೂತಾಗಲೂ ಹೊಟ್ಟೆಯಲ್ಲಿ ಒಂದು ಮಡಿಕೆಯೂ ಬೀಳದಿರುವುದು ಇನ್ನೆರಡು ಸುಳಿವು. ವಿಡಿಯೊವನ್ನು ತಿದ್ದಲಾಗದು ಎಂಬ ನಂಬಿಕೆಯೂ ಈಗ ಹಳತು. ಫೋನಿನ ಫಿಲ್ಟರ್‌ಗಳು ನಡೆಯುತ್ತಿರುವ ದೇಹವನ್ನೇ ಸಣ್ಣದಾಗಿಸುತ್ತವೆ, ಕೈ ಸೊಂಟದ ಮುಂದೆ ಹಾದು ಹೋಗುವಾಗ ಅಂಚು ಒಂದು ಕ್ಷಣ ಅಲುಗಾಡುವುದನ್ನು ಗಮನಿಸಿದರೆ ಮಾತ್ರ ತಿಳಿಯುತ್ತದೆ. ಕೃತಕ ಬುದ್ಧಿಮತ್ತೆ ಬಂದ ಮೇಲೆ ಚಿತ್ರದಲ್ಲಿರುವ ಹೆಂಗಸು ಲೋಕದಲ್ಲಿ ಇರಲೇಬೇಕೆಂದೂ ಇಲ್ಲ.

ಚಿತ್ರ ಅಪ್ಪಟವಾಗಿದ್ದರೂ ಹೇಳದೆ ಬಿಟ್ಟ ಮಾತೊಂದಿರುತ್ತದೆ. ಹೆಂಗಸಿನ ಶರೀರ ನಡೆಯಲು ಅನಿವಾರ್ಯವಾದ ಕೊಬ್ಬೇ ದೇಹದ ಶೇ 10ರಿಂದ 13ರಷ್ಟು. ಗಂಡಸಿಗೆ ಇದು ಶೇ 2ರಿಂದ 5. ಆರೋಗ್ಯವಾಗಿರುವ ಬಹುಪಾಲು ಹೆಂಗಸರಲ್ಲಿ ಒಟ್ಟು ಕೊಬ್ಬು ಶೇ 21ರಿಂದ 31ರ ನಡುವೆ ಇರುತ್ತದೆ. ಹೊಟ್ಟೆಯ ಸ್ನಾಯುಗಳು ಗೆರೆ ಗೆರೆಯಾಗಿ ಕಾಣಬೇಕಾದರೆ ಸಾಮಾನ್ಯವಾಗಿ ಶೇ 20ಕ್ಕಿಂತ ಕೆಳಗಿಳಿಯಬೇಕು. ದೇಹದಾರ್ಢ್ಯ ಸ್ಪರ್ಧೆಗೆ ತಯಾರಾಗುವವರು ತಿಂಗಳುಗಟ್ಟಲೆ ಊಟ ಅಳೆದು, ಕಡೆಯ ದಿನಗಳಲ್ಲಿ ಉಪ್ಪು–ನೀರನ್ನೂ ಹಿಡಿತಕ್ಕೆ ತಂದು ಆ ಸ್ಥಿತಿ ಮುಟ್ಟುತ್ತಾರೆ, ಅದರಲ್ಲಿ ಕೆಲವೇ ದಿನ ಇರುತ್ತಾರೆ. ಫೋಟೊ ತೆಗೆಯುವುದು ಆ ದಿನಗಳಲ್ಲೇ. ನೋಡುವವರಿಗೆ ಅದು ವರ್ಷವಿಡೀ ಇರಬೇಕಾದ ದೇಹವೆಂಬಂತೆ ತಲುಪುತ್ತದೆ.

ಇನ್ನು ಅಂಕಿಗಳು. ‘7 ದಿನದಲ್ಲಿ 5 ಕಿಲೊ’ ಎಂಬುದನ್ನು ಕಾಗದ–ಪೆನ್ನು ಹಿಡಿದು ಲೆಕ್ಕ ಹಾಕಿ. ದೇಹದ ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಐದು ಕಿಲೊಗೆ 38,500. ಏಳರಿಂದ ಭಾಗಿಸಿದರೆ ದಿನಕ್ಕೆ 5,500. ಅರವತ್ತು ಕಿಲೊ ತೂಕದ ಹೆಂಗಸು ಇಡೀ ದಿನಕ್ಕೆ ಖರ್ಚು ಮಾಡುವುದೇ 1,800ರಿಂದ 2,200 ಕ್ಯಾಲೊರಿ. ಏಳು ದಿನ ಒಂದು ತುತ್ತೂ ತಿನ್ನದಿದ್ದರೂ ಐದು ಕಿಲೊ ಕೊಬ್ಬು ಹೋಗುವುದಿಲ್ಲ. ಹಾಗಾದರೆ ತಕ್ಕಡಿಯಲ್ಲಿ ಮೊದಲ ವಾರ ಇಳಿದಂತೆ ಕಾಣುವುದೇನು? ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೊಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ 400–500 ಗ್ರಾಂ ಇರುತ್ತದೆ, ಅದರ ಪ್ರತಿ ಗ್ರಾಮಿಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಇದ್ದಕ್ಕಿದ್ದಂತೆ ಕಡಿಮೆಯಾದರೆ ಇವೆರಡೂ ಸೇರಿ ಒಂದೂವರೆ–ಎರಡು ಕಿಲೊ ಇಳಿಯುತ್ತದೆ. ಮಾಮೂಲಿ ಊಟಕ್ಕೆ ಮರಳಿದ ಎರಡು–ಮೂರು ದಿನಗಳಲ್ಲಿ ಅಷ್ಟೂ ವಾಪಸ್. ಕೋರ್ಸಿಗೆ ಹಣ ಕಟ್ಟಿದ ಹೆಂಗಸಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಇಳಿದದ್ದು ಕೋರ್ಸಿನ ಮಹಿಮೆ, ಏರಿದ್ದು ತನ್ನ ಸೋಮಾರಿತನ ಎಂದು ಅವರು ತಿಳಿಯುತ್ತಾರೆ. ಆತ್ಮಗೌರವಕ್ಕೆ ಪೆಟ್ಟು ಬೀಳುವುದು ಸರಿಯಾಗಿ ಈ ಜಾಗದಲ್ಲಿ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ನೀರು ತುಂಬಿ ಒಂದು–ಎರಡು ಕಿಲೊ ಏರುವುದೂ ಸಹಜವೇ. ವಾರಕ್ಕೊಮ್ಮೆ ತೂಕ ನೋಡಿ ಭೇಷ್ ಅನ್ನುವ, ಬೈಯುವ ಆ್ಯಪ್‌ಗಳಲ್ಲಿ ಹೆಚ್ಚಿನವು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

‘20 ನಿಮಿಷದಲ್ಲಿ 600 ಕ್ಯಾಲೊರಿ’ ಎಂಬುದೂ ಇದೇ ಜಾತಿಯದು. ವ್ಯಾಯಾಮದ ತೀವ್ರತೆಯನ್ನು ಅಳೆಯುವ ಮಾನಕ್ಕೆ ಮೆಟ್ ಎನ್ನುತ್ತಾರೆ, ಸುಮ್ಮನೆ ಕೂತಿರುವುದು 1 ಮೆಟ್. ತೂಕ, ಮೆಟ್, ಗಂಟೆ ಈ ಮೂರನ್ನು ಗುಣಿಸಿದರೆ ಹೆಚ್ಚುಕಡಿಮೆ ಕ್ಯಾಲೊರಿ ಸಿಗುತ್ತದೆ. ಏದುಸಿರು ಬರಿಸುವ ಕಠಿಣ ವ್ಯಾಯಾಮ 10 ಮೆಟ್. ಅರವತ್ತು ಕಿಲೊ ಹೆಂಗಸು ಅದನ್ನು 20 ನಿಮಿಷ ಬಿಡದೆ ಮಾಡಿದರೆ 200 ಕ್ಯಾಲೊರಿ. ಆರುನೂರು ಬೇಕೆಂದರೆ 30 ಮೆಟ್ ತೀವ್ರತೆ ಬೇಕು. ಜಗತ್ತಿನ ಅತ್ಯುತ್ತಮ ದೂರ ಓಟಗಾರ್ತಿಯರ ಮಿತಿಯೇ 20ರ ಆಸುಪಾಸು. ಅರ್ಧ ಗಂಟೆಯ ಬಿರುಸು ನಡಿಗೆಗೆ 120–130 ಕ್ಯಾಲೊರಿ ಖರ್ಚಾಗುತ್ತದೆ ಎಂದು ನೇರವಾಗಿ ಹೇಳಿದರೆ ನಡಿಗೆಯ ಮಾನ ಹೋಗುವುದಿಲ್ಲ. ರಕ್ತದೊತ್ತಡ, ಸಕ್ಕರೆ, ನಿದ್ದೆ, ಮನಸ್ಸಿನ ಮೇಲೆ ಅದು ಮಾಡುವ ಉಪಕಾರ ಕ್ಯಾಲೊರಿ ಲೆಕ್ಕದಲ್ಲಿ ಬರುವಂಥದ್ದೇ ಅಲ್ಲ.

ಒಂದೇ ಜಾಗದ ಕೊಬ್ಬು ಕರಗಿಸುತ್ತೇವೆ ಎಂಬ ಮಾತು ಹೆಂಗಸರ ಜಾಹೀರಾತಿನಲ್ಲೇ ಹೆಚ್ಚು: ತೋಳಿನ ಹಿಂಭಾಗ, ಸೊಂಟದ ಪಕ್ಕ, ಒಳತೊಡೆ. ಸ್ನಾಯು ಕೆಲಸ ಮಾಡುವಾಗ ಬಳಸುವ ಕೊಬ್ಬು ರಕ್ತದ ಮೂಲಕ ಇಡೀ ದೇಹದಿಂದ ಬರುತ್ತದೆ, ಎಲ್ಲಿಂದ ಮೊದಲು ಬರಬೇಕೆಂಬುದನ್ನು ವಂಶವಾಹಿ ಮತ್ತು ಹಾರ್ಮೋನುಗಳು ನಿರ್ಧರಿಸುತ್ತವೆ. ವರ್ಷಗಟ್ಟಲೆ ಒಂದೇ ಕೈಯಲ್ಲಿ ಆಡಿದ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು 1971ರಲ್ಲಿ ಅಳೆದು ನೋಡಿದಾಗ ಆಡುವ ತೋಳಿನ ಸ್ನಾಯು ದಪ್ಪವಾಗಿತ್ತು, ಆದರೆ ಚರ್ಮದಡಿಯ ಕೊಬ್ಬಿನ ದಪ್ಪ ಎರಡರಲ್ಲೂ ಒಂದೇ ಇತ್ತು. ಬೆವರು ಬೆಲ್ಟ್ ತೆಗೆಯುವುದು ನೀರನ್ನು ಮಾತ್ರ, ಒಂದು ಚೊಂಬು ಕುಡಿದರೆ ಅದು ಮರಳುತ್ತದೆ. ಬಿಗಿದು ಕಟ್ಟುವ ಸೊಂಟದ ಪಟ್ಟಿಗೆ ಕೊಬ್ಬು ಒಂದಿಷ್ಟು ಹೊತ್ತು ಅತ್ತಿತ್ತ ಸರಿಯುತ್ತದೆ, ಜೊತೆಗೆ ಆಳವಾಗಿ ಉಸಿರೆಳೆಯಲು ಆಗುವುದಿಲ್ಲ, ವ್ಯಾಯಾಮ ಮಾಡುವಾಗ ತಲೆ ಸುತ್ತುವುದೂ ಉಂಟು. ತೊಡೆಯ ಚರ್ಮದ ಗುಳಿಗಳನ್ನು, ಅಂದರೆ ಸೆಲ್ಯುಲೈಟನ್ನು, ಕಾಯಿಲೆಯೆಂಬಂತೆ ತೋರಿಸುತ್ತಾರೆ. ವಯಸ್ಕ ಹೆಂಗಸರಲ್ಲಿ ಶೇ 80ರಿಂದ 90ರಷ್ಟು ಮಂದಿಗೆ ಅದು ಇದ್ದೇ ಇರುತ್ತದೆ, ತೆಳ್ಳಗಿರುವವರಿಗೂ. ಚರ್ಮವನ್ನು ಕೆಳಗಿನ ಪದರಕ್ಕೆ ಹಿಡಿದಿಡುವ ನಾರುಗಳ ನಡುವಿನಿಂದ ಕೊಬ್ಬು ಮೇಲೆ ಒತ್ತಿದರೆ ಆ ಗುಳಿ ಕಾಣುತ್ತದೆ, ಹೆಣ್ಣಿನ ಚರ್ಮದ ರಚನೆಯೇ ಹಾಗಿದೆ.

ಚಿಕ್ಕ ಬಣ್ಣಬಣ್ಣದ ಡಂಬೆಲ್‌ಗಳ ವಿಚಾರ ಇನ್ನೂ ಬೇಸರದ್ದು. ಒಂದು ಕಿಲೊ ಡಂಬೆಲ್ ಹಿಡಿದು ನಗುವ ಯುವತಿಯ ಕೆಳಗೆ ‘ದಪ್ಪ ಆಗದೆ ಟೋನ್ ಆಗಿ’ ಎಂಬ ಸಾಲು ಇರುತ್ತದೆ. ಸ್ನಾಯು ಬೆಳೆಸುವ ಹಾರ್ಮೋನಾದ ಟೆಸ್ಟೊಸ್ಟೆರಾನ್‌ನ ಮಟ್ಟ ಗಂಡಸರಲ್ಲಿ ಹೆಂಗಸರದಕ್ಕಿಂತ ಸುಮಾರು 15 ಪಟ್ಟು ಹೆಚ್ಚು. ಭಾರ ಎತ್ತಿದ ಮಾತ್ರಕ್ಕೆ ಹೆಂಗಸರು ಕುಸ್ತಿಪಟುಗಳಂತೆ ಉಬ್ಬುವುದಿಲ್ಲ. ಮನೆಯಲ್ಲಿ ಹತ್ತು–ಹನ್ನೆರಡು ಕಿಲೊ ಮಗುವನ್ನು ಸೊಂಟದ ಮೇಲೆ ಹೊತ್ತು ಓಡಾಡುವವರಿಗೆ ಒಂದು ಕಿಲೊ ಸಾಕು ಎಂದು ಹೇಳುವುದು ಅವರ ಶಕ್ತಿಯನ್ನೇ ಕಾಣದಿರುವುದು. ಇದರ ನಷ್ಟ ಮೂಳೆಗೆ ತಟ್ಟುತ್ತದೆ. ಮುಟ್ಟು ನಿಂತ ನಂತರದ ಐದರಿಂದ ಏಳು ವರ್ಷಗಳಲ್ಲಿ ಮೂಳೆಯ ಸಾಂದ್ರತೆ ಶೇ 20ರವರೆಗೂ ಕಳೆದುಹೋಗಬಹುದು. ಮೂಳೆ ಗಟ್ಟಿಯಾಗಿರಲು ಅದರ ಮೇಲೆ ಭಾರ ಬೀಳಬೇಕು, ಎಂಟು–ಹತ್ತು ಸಲ ಎತ್ತುವಷ್ಟರಲ್ಲಿ ಇನ್ನೆರಡು ಸಲ ಮಾತ್ರ ಸಾಧ್ಯ ಅನ್ನಿಸುವಷ್ಟು ಭಾರ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರೆಲ್ಲರಿಗೂ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆಯ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ. ಅದರಲ್ಲಿ ಹೆಂಗಸರಿಗೊಂದು, ಗಂಡಸರಿಗೊಂದು ಎಂಬ ಭೇದವಿಲ್ಲ.

ನಡುವೆ ಇದನ್ನೂ ಹೇಳಿಬಿಡಬೇಕು. ಓಟದ ಜಾಹೀರಾತಿನಲ್ಲಿ ರೂಪದರ್ಶಿಗೆ ತೊಡಿಸುವ ತೆಳು ದಾರದ ಬ್ರಾ ಓಡಲು ಬರುವಂಥದ್ದಲ್ಲ. ಓಡುವಾಗ ಸ್ತನಗಳು ಮೇಲೆ ಕೆಳಗೆ ಮಾತ್ರವಲ್ಲ, ಪಕ್ಕಕ್ಕೂ ಚಲಿಸುತ್ತವೆ. ಆಧಾರದ ಹೆಚ್ಚಿನ ಪಾಲು ಬರುವುದು ಎದೆಯ ಕೆಳಗಿನ ಅಗಲ ಪಟ್ಟಿಯಿಂದ. ಆ ಪಟ್ಟಿಯಡಿ ಎರಡು ಬೆರಳು ಮಾತ್ರ ಹೋಗುವಷ್ಟು ಬಿಗಿಯಿರಬೇಕು, ಕೈ ಎತ್ತಿದಾಗ ಮೇಲಕ್ಕೆ ಸರಿಯಬಾರದು. ಎದೆ ನೋವಿಗೆ, ಮುಜುಗರಕ್ಕೆ ಹೆದರಿ ಓಟ ಬಿಟ್ಟ ಹುಡುಗಿಯರಿಗೆ ಈ ನಾಲ್ಕು ಸಾಲು ನೂರು ಜಾಹೀರಾತಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಇಂಥ ಚಿತ್ರಗಳು ಮನಸ್ಸಿಗೆ ಏನು ಮಾಡುತ್ತವೆ ಎಂಬುದು ಊಹೆಯ ಮಾತಲ್ಲ. ಮನುಷ್ಯ ತನ್ನನ್ನು ಇತರರೊಂದಿಗೆ ಹೋಲಿಸಿಕೊಂಡೇ ತನ್ನ ಬೆಲೆ ಕಟ್ಟಿಕೊಳ್ಳುತ್ತಾನೆ ಎಂದು ಮನಶ್ಶಾಸ್ತ್ರಜ್ಞ ಲಿಯೊನ್ ಫೆಸ್ಟಿಂಗರ್ 1954ರಲ್ಲೇ ವಿವರಿಸಿದ್ದರು. ಹೆಣ್ಣಿನ ದೇಹವನ್ನು ಸದಾ ನೋಡುವ ವಸ್ತುವಾಗಿ ತೋರಿಸುವ ಸಮಾಜದಲ್ಲಿ ಹೆಂಗಸರು ತಮ್ಮನ್ನು ತಾವೇ ಹೊರಗಿನವರ ಕಣ್ಣಿನಿಂದ ಕಾವಲು ಕಾಯತೊಡಗುತ್ತಾರೆ ಎಂಬುದನ್ನು ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆ್ಯನ್ ರಾಬರ್ಟ್ಸ್ 1997ರಲ್ಲಿ ಸಿದ್ಧಾಂತವಾಗಿ ಮಂಡಿಸಿದರು. ಮರುವರ್ಷದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕನ್ನಡಿಯಿರುವ ಕೋಣೆಯಲ್ಲಿ ಒಬ್ಬೊಬ್ಬರಾಗಿ ಈಜುಡುಗೆ ಅಥವಾ ಸ್ವೆಟರ್ ತೊಡಲು ಹೇಳಿ, ಅದರಲ್ಲೇ ಗಣಿತದ ಲೆಕ್ಕ ಕೊಟ್ಟರು. ಈಜುಡುಗೆ ತೊಟ್ಟ ಯುವತಿಯರು ಸ್ವೆಟರ್ ತೊಟ್ಟವರಿಗಿಂತ ಕಡಿಮೆ ಅಂಕ ಪಡೆದರು. ಯುವಕರಲ್ಲಿ ಅಂಥ ಕುಸಿತ ಕಾಣಲಿಲ್ಲ. ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ, ನೋಡುವ ಕಣ್ಣು ಅವರೊಳಗೇ ಇತ್ತು. ಜಿಮ್ಮಿನಲ್ಲಿ ಕನ್ನಡಿಯ ಎದುರು ನಿಂತ ಹೆಂಗಸಿನ ಗಮನದ ಅರ್ಧ ಪಾಲು ಹೀಗೆಯೇ ಸೋರಿಹೋಗುತ್ತದೆ. ಬೆನ್ನು ನೇರವಿದೆಯೇ, ಮಂಡಿ ಸರಿಯಾಗಿದೆಯೇ ಎಂದು ನೋಡಬೇಕಾದ ಹೊತ್ತಿನಲ್ಲಿ ಟೀ–ಶರ್ಟ್ ಹೊಟ್ಟೆಗೆ ಅಂಟಿದೆಯೇ ಎಂದು ನೋಡುವಂತಾಗುತ್ತದೆ, ಹಾಗೆ ಗಮನ ಜಾರಿದಾಗಲೇ ಮಂಡಿ ಒಳಕ್ಕೆ ವಾಲಿ ನೋವು ಶುರುವಾಗುವುದು.

ಫಿಜಿ ದ್ವೀಪದ ನಾದ್ರೋಗಾ ಪ್ರಾಂತ್ಯಕ್ಕೆ ಟಿ.ವಿ. ಬಂದದ್ದು 1995ರಲ್ಲಿ. ಸಂಶೋಧಕಿ ಆ್ಯನ್ ಬೆಕರ್ ಅಲ್ಲಿನ ಶಾಲಾ ಹುಡುಗಿಯರ ಆಹಾರದ ಮನೋಭಾವವನ್ನು ಆ ವರ್ಷ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಅಳೆದರು. ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆಯ ಅಪಾಯದ ಮಟ್ಟ ದಾಟಿದವರ ಪ್ರಮಾಣ ಶೇ 12.7ರಿಂದ ಶೇ 29.2ಕ್ಕೆ ಏರಿತ್ತು. ತೂಕ ಇಳಿಸಲು ತಾವಾಗಿ ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಮೂರು ವರ್ಷದ ನಂತರ ಶೇ 11.3 ಇದ್ದರು. ಮೈಕೈ ತುಂಬಿಕೊಂಡಿರುವುದೇ ಚೆಂದ ಎಂದು ಅಲ್ಲಿಯವರೆಗೂ ನಂಬಿದ್ದ ಸಮುದಾಯವದು.

‘ತೆಳ್ಳಗಾಗಿ’ ಎನ್ನುವುದನ್ನು ಬಿಟ್ಟು ‘ಬಲಶಾಲಿಯಾಗಿ’ ಎಂದು ಬರೆದರೆ ಸಮಸ್ಯೆ ಮುಗಿಯಿತೆಂದು ಹೇಳುವವರಿದ್ದಾರೆ. ಮುಗಿಯುವುದಿಲ್ಲ. ಮರಿಕಾ ಟಿಗ್‌ಮನ್ ಮತ್ತು ಮಿಯಾ ಜಕಾರ್ಡೊ 2015ರಲ್ಲಿ ಇನ್‌ಸ್ಟಾಗ್ರಾಂನ ವ್ಯಾಯಾಮ ಪ್ರೇರಣೆಯ ಚಿತ್ರಗಳನ್ನು ಕಾಲೇಜು ಯುವತಿಯರಿಗೆ ತೋರಿಸಿದರು, ಇನ್ನೊಂದು ಗುಂಪಿಗೆ ಪ್ರವಾಸದ ಚಿತ್ರಗಳನ್ನು. ಮೊದಲ ಗುಂಪಿಗೆ ವ್ಯಾಯಾಮ ಮಾಡಬೇಕೆಂಬ ಉಮೇದು ಬಂದದ್ದು ನಿಜ. ಜೊತೆಗೆ ಮನಸ್ಸು ಕುಗ್ಗಿತು, ತಮ್ಮ ದೇಹದ ಬಗ್ಗೆ ಅಸಮಾಧಾನ ಹೆಚ್ಚಿತು. ಕಾರಣ ಸರಳ. ಮಾತು ಬಲದ್ದಾದರೂ ಚಿತ್ರದ ದೇಹ ಹಿಂದಿನಷ್ಟೇ ತೆಳು, ಮೇಲೊಂದಿಷ್ಟು ಸ್ನಾಯುವಿನ ಗೆರೆಯೂ ಸೇರಿ ಮುಟ್ಟಲಾಗದ ಗುರಿ ಇನ್ನಷ್ಟು ದೂರ ಸರಿದಿರುತ್ತದೆ. ಹೀಗೆ ಹುಟ್ಟಿದ ಉಮೇದು ಬಾಳುವುದೂ ಇಲ್ಲ. ರೂಪಕ್ಕಾಗಿ ಮಾತ್ರ ಶುರು ಮಾಡಿದವರು ಕನ್ನಡಿಯಲ್ಲಿ ಬದಲಾವಣೆ ಕಾಣದ ಕೂಡಲೇ ಬಿಡುತ್ತಾರೆ. ಮೊದಲ ಆರು–ಎಂಟು ವಾರಗಳಲ್ಲಿ ಬದಲಾಗುವುದು ನರ ಮತ್ತು ಸ್ನಾಯುಗಳ ಹೊಂದಾಣಿಕೆ, ನಿದ್ದೆ, ಮೆಟ್ಟಿಲು ಹತ್ತುವಾಗಿನ ಉಸಿರು. ಇವು ಕನ್ನಡಿಗೆ ಕಾಣುವುದಿಲ್ಲ. ಜಾಹೀರಾತು ಇವನ್ನು ಹೇಳಿದ್ದರೆ ಅಷ್ಟು ವಾರ ದಾಟಲು ಅವರಿಗೊಂದು ಆಸರೆ ಇರುತ್ತಿತ್ತು.

ದೇಹ ತೆರುವ ಬೆಲೆಯನ್ನೂ ನೋಡಬೇಕು. ‘ದಿನಕ್ಕೆ 1,200 ಕ್ಯಾಲೊರಿ ಊಟ, ಒಂದು ಗಂಟೆ ವ್ಯಾಯಾಮ’ ಎಂಬ ಯೋಜನೆಯನ್ನೇ ತೆಗೆದುಕೊಳ್ಳಿ. ಅರವತ್ತು ಕಿಲೊ ಹೆಂಗಸಿನಲ್ಲಿ ಕೊಬ್ಬು ಬಿಟ್ಟು ಉಳಿದ ತೂಕ ಸುಮಾರು 44 ಕಿಲೊ. ವ್ಯಾಯಾಮಕ್ಕೆ 400 ಕ್ಯಾಲೊರಿ ಹೋದರೆ ಉಳಿಯುವುದು 800. ಅಂದರೆ ಕೊಬ್ಬುರಹಿತ ತೂಕದ ಕಿಲೊಗೆ 18 ಕ್ಯಾಲೊರಿ. ಇದು 30ಕ್ಕಿಂತ ಕೆಳಗಿಳಿದರೆ ಅಂಡಾಶಯಕ್ಕೆ ಸಂದೇಶ ಕಳಿಸುವ ಹಾರ್ಮೋನಿನ ಲಯ ಐದೇ ದಿನಗಳಲ್ಲಿ ತಪ್ಪತೊಡಗುತ್ತದೆ. ಮುಂದುವರಿದರೆ ಮುಟ್ಟು ಏರುಪೇರಾಗುತ್ತದೆ, ನಿಲ್ಲಲೂಬಹುದು. ಈಸ್ಟ್ರೊಜೆನ್ ಹಾರ್ಮೋನು ಕುಸಿದು ಮೂಳೆ ತೆಳುವಾಗುತ್ತದೆ, ಪಾದ ಮತ್ತು ಮಂಡಿಯ ಕೆಳಗಿನ ಮೂಳೆಗಳಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ, ಮೈ ಸದಾ ತಣ್ಣಗಿರುತ್ತದೆ, ಕೂದಲು ಉದುರುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಹೆಸರಿಟ್ಟು ಎಚ್ಚರಿಸಿದ್ದು ಕ್ರೀಡಾಪಟುಗಳನ್ನು ಉದ್ದೇಶಿಸಿ. ಮನೆಯಲ್ಲಿ ಆ್ಯಪ್ ನೋಡಿ ವ್ಯಾಯಾಮ ಮಾಡುವವರ ಶರೀರದ ನಿಯಮ ಬೇರೆಯೇನಲ್ಲ. ಮೂರು ತಿಂಗಳು ಮುಟ್ಟು ಬರದಿದ್ದರೆ ವೈದ್ಯರನ್ನು ಕಾಣಲೇಬೇಕು.

ಬಾಣಂತಿಯರನ್ನು ಗುರಿಯಿಟ್ಟು ‘ಆರು ವಾರದಲ್ಲಿ ಮೊದಲಿನ ಹೊಟ್ಟೆ’ ಎಂದು ಹೇಳುವ ಜಾಹೀರಾತು ನಮಗೆ ಎಲ್ಲಕ್ಕಿಂತ ಕಠೋರವಾಗಿ ಕಾಣುತ್ತದೆ. ಗರ್ಭಿಣಿಯಾಗಿದ್ದಾಗ ಹೊಟ್ಟೆಯ ನಡುವಿನ ಸ್ನಾಯುಗಳು ಇಬ್ಭಾಗವಾಗಿ ಸರಿಯುತ್ತವೆ. ಹೆರಿಗೆಯಾದ ಆರು ವಾರಕ್ಕೆ ಸುಮಾರು ಶೇ 60ರಷ್ಟು ತಾಯಂದಿರಲ್ಲಿ, ವರ್ಷದ ನಂತರವೂ ಮೂರರಲ್ಲಿ ಒಬ್ಬರಲ್ಲಿ ಆ ಸಂದು ಉಳಿದಿರುವುದನ್ನು 2016ರ ಅಧ್ಯಯನ ತೋರಿಸಿದೆ. ಆ ಹೊತ್ತಿನಲ್ಲಿ ಜಾಹೀರಾತು ನಂಬಿ ಕ್ರಂಚಸ್ (ಮಲಗಿ ಹೆಗಲು ಎತ್ತುವ ವ್ಯಾಯಾಮ), ಜಿಗಿತ ಶುರು ಮಾಡಿದರೆ ಹೊಟ್ಟೆಯೊಳಗಿನ ಒತ್ತಡವೆಲ್ಲ ಇನ್ನೂ ಚೇತರಿಸದ ವಸ್ತಿಕುಹರದ ತಳದ ಸ್ನಾಯುಗಳ, ಅಂದರೆ ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳ ಮೇಲೆ ಬೀಳುತ್ತದೆ. ಕೆಮ್ಮಿದರೆ, ಜಿಗಿದರೆ ಮೂತ್ರ ಸೋರುವುದು, ಯೋನಿಯ ಭಾಗದಲ್ಲಿ ಏನೋ ಜಗ್ಗಿದಂತಾಗುವುದು ಇದರ ಗುರುತು. ಮೊದಲು ಮಾಡಬೇಕಾದದ್ದು ಆ ತಳದ ಸ್ನಾಯುಗಳನ್ನು ಮೂತ್ರ ತಡೆಯುವಂತೆ ಮೇಲಕ್ಕೆ ಬಿಗಿಹಿಡಿದು ಸಡಿಲಿಸುವ ಅಭ್ಯಾಸ. ಒಂದು ಸಲಕ್ಕೆ ಕನಿಷ್ಠ ಎಂಟು ಬಾರಿ, ದಿನಕ್ಕೆ ಮೂರು ಸಲ, ಮೂರು ತಿಂಗಳು. ಬಿಗಿಹಿಡಿಯುವಾಗ ಉಸಿರು ಕಟ್ಟಬಾರದು, ಪೃಷ್ಠ ಬಿಗಿಯಬಾರದು. ಓಟಕ್ಕೆ ಮರಳುವುದು ಹೆರಿಗೆಯಾದ ಮೂರು ತಿಂಗಳಿಗಿಂತ ಮೊದಲು ಬೇಡ ಎಂಬುದು ಫಿಸಿಯೊಥೆರಪಿಸ್ಟರು 2019ರಲ್ಲಿ ಕೊಟ್ಟ ಮಾರ್ಗದರ್ಶನ. ಸಿಸೇರಿಯನ್ ಆದವರು ಹೊಲಿಗೆಯ ಸ್ಥಿತಿಯನ್ನು ವೈದ್ಯರಿಗೆ ತೋರಿಸಿಯೇ ಮುಂದಿನ ಹೆಜ್ಜೆ ಇಡಬೇಕು.

ಕಾನೂನು ಇದಕ್ಕೇನು ಮಾಡಿದೆ? ಇಸ್ರೇಲ್ 2012ರಲ್ಲಿ, ಫ್ರಾನ್ಸ್ 2017ರಲ್ಲಿ, ನಾರ್ವೆ 2022ರಲ್ಲಿ, ದೇಹದ ಆಕಾರ ತಿದ್ದಿದ ಜಾಹೀರಾತು ಚಿತ್ರದ ಮೇಲೆ ಹಾಗೆಂದು ಬರೆಯಬೇಕೆಂಬ ನಿಯಮ ತಂದವು. ಉದ್ದೇಶ ಒಳ್ಳೆಯದು. ಆದರೆ ‘ಚಿತ್ರ ತಿದ್ದಲಾಗಿದೆ’ ಎಂಬ ಚೀಟಿ ಓದಿದ ಮೇಲೂ ಹೆಂಗಸರ ಅಸಮಾಧಾನ ಇಳಿಯುವುದಿಲ್ಲ ಎಂದು ಹಲವು ಪ್ರಯೋಗಗಳು ತೋರಿಸಿವೆ. ಕಣ್ಣು ಚಿತ್ರದೊಂದಿಗೆ ಹೋಲಿಸಿ ಮುಗಿಸಿದ ಮೇಲೆ ಬುದ್ಧಿ ಚೀಟಿ ಓದುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಮೇಲಾಗಿ ಬೆಳಕು, ಭಂಗಿ, ಲೆನ್ಸಿನ ಕೈಚಳಕಕ್ಕೆ ಈ ಚೀಟಿ ಅನ್ವಯಿಸುವುದೂ ಇಲ್ಲ. ಲಂಡನ್ನಿನ ಭೂಗತ ರೈಲು ನಿಲ್ದಾಣಗಳಲ್ಲಿ 2015ರಲ್ಲಿ ಈಜುಡುಗೆಯ ಯುವತಿಯ ಚಿತ್ರ ಹಾಕಿ, ಕಡಲತೀರಕ್ಕೆ ಹೋಗಲು ನಿಮ್ಮ ದೇಹ ತಯಾರಿದೆಯೇ ಎಂದು ಕೇಳಿದ ಜಾಹೀರಾತಿನ ಮೇಲೆ ನೂರಾರು ದೂರುಗಳು ಬಂದವು. ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ ಅದರಲ್ಲಿದ್ದ ತೂಕ ಇಳಿಕೆಯ ಹೇಳಿಕೆಗಳನ್ನು ತಡೆಯಿತು, ಚಿತ್ರ ಮತ್ತು ಪ್ರಶ್ನೆಯಲ್ಲಿ ತಪ್ಪಿಲ್ಲವೆಂದು ಬಿಟ್ಟಿತು. ಮರುವರ್ಷ ನಗರದ ಸಾರಿಗೆ ವ್ಯವಸ್ಥೆಯೇ ದೇಹದ ಬಗ್ಗೆ ಕೀಳರಿಮೆ ಹುಟ್ಟಿಸುವ ಜಾಹೀರಾತುಗಳನ್ನು ತನ್ನ ಗೋಡೆಗಳ ಮೇಲೆ ಹಾಕುವುದಿಲ್ಲ ಎಂದು ನಿರ್ಧರಿಸಿತು. ತೂಕ ಇಳಿಸುವ ಎಲ್ಲ ಜಾಹೀರಾತನ್ನೂ ಚಿತ್ರ ಹಂಚುವ ಜಾಲತಾಣ ಪಿಂಟರೆಸ್ಟ್ 2021ರಲ್ಲಿ ಕೈಬಿಟ್ಟಿತು. ಗೋಡೆಯ ಒಡೆಯರೇ ಬೇಡ ಎನ್ನಬಹುದು ಎಂಬುದಕ್ಕೆ ಇವು ಉದಾಹರಣೆ. ಪತ್ರಿಕೆಯ ಪುಟವೂ ಅಂಥದೊಂದು ಗೋಡೆ.

ಆದ್ದರಿಂದ ನಮ್ಮ ಕೋರಿಕೆ ನಿಮ್ಮ ಜಾಹೀರಾತು ವಿಭಾಗಕ್ಕೆ. ಜೋಡಿ ಚಿತ್ರ ಬಂದಾಗ ಎರಡರ ದಿನಾಂಕವನ್ನೂ, ತಿದ್ದದ ಮೂಲ ಫೈಲುಗಳನ್ನೂ ಕೇಳಿ. ಒಂದೇ ಬೆಳಕು, ಒಂದೇ ಉಡುಪು, ಒಂದೇ ಭಂಗಿ, ಒಂದೇ ದೂರ ಇಲ್ಲದಿದ್ದರೆ ಅಚ್ಚು ಹಾಕಬೇಡಿ. ಆ ವ್ಯಕ್ತಿ ಆ ಅವಧಿಯಲ್ಲಿ ಇನ್ನೇನು ಮಾಡಿದರು, ಔಷಧಿ ಅಥವಾ ಶಸ್ತ್ರಚಿಕಿತ್ಸೆ ಇತ್ತೇ, ಅವರಿಗೆ ಹಣ ಕೊಟ್ಟಿದ್ದಾರೆಯೇ ಎಂಬುದಕ್ಕೆ ಲಿಖಿತ ಉತ್ತರ ಬೇಕು. ಒಬ್ಬರ ಫಲಿತಾಂಶ ತೋರಿಸಿ ಮೂಲೆಯಲ್ಲಿ ‘ಎಲ್ಲರಿಗೂ ಹೀಗೇ ಆಗದು’ ಎಂದು ಸಣ್ಣಕ್ಷರದಲ್ಲಿ ಬರೆಯುವುದು ಸಾಲದು. ಸಾಮಾನ್ಯವಾಗಿ ಸೇರಿದವರಿಗೆ ಎಷ್ಟು ಫಲ ಸಿಗುತ್ತದೆ ಎಂಬುದನ್ನೇ ಸ್ಪಷ್ಟವಾಗಿ ಹೇಳಬೇಕೆಂದು ಅಮೆರಿಕದ ವ್ಯಾಪಾರ ಆಯೋಗ 2009ರಲ್ಲೇ ತನ್ನ ಮಾರ್ಗಸೂಚಿ ಬಿಗಿಗೊಳಿಸಿತು, ಅದೇ ಅಳತೆ ಇಲ್ಲಿಯೂ ಸಾಕು. ಕೋರ್ಸಿಗೆ ಸೇರಿದವರೆಷ್ಟು, ಮುಗಿಸಿದವರೆಷ್ಟು ಎಂಬ ಎರಡು ಅಂಕಿ ಕೇಳಿದರೆ ಬಹಳಷ್ಟು ಜಾಹೀರಾತುಗಳು ತಾವೇ ಹಿಂದೆ ಸರಿಯುತ್ತವೆ. ವಾರಕ್ಕೆ ಒಂದು ಕಿಲೊಗಿಂತ ಹೆಚ್ಚು ಇಳಿಕೆ, ಒಂದೇ ಜಾಗದ ಕೊಬ್ಬು, ಊಟ–ವ್ಯಾಯಾಮ ಯಾವುದೂ ಬದಲಾಗದೆ ತೂಕ ಇಳಿಕೆ, ಹೆರಿಗೆಯಾದ ಮೂರು ತಿಂಗಳೊಳಗಿನ ಹೊಟ್ಟೆ ಕರಗಿಸುವಿಕೆ – ಈ ನಾಲ್ಕು ಭರವಸೆಗಳನ್ನು ನೇರವಾಗಿ ತಿರಸ್ಕರಿಸಿ.

ಆರೋಗ್ಯ ಪುಟದ ಸಂಪಾದಕೀಯ ಚಿತ್ರಗಳಿಗೂ ಇಷ್ಟೇ ಎಚ್ಚರ ಬೇಕು. ಸ್ಥೂಲಕಾಯದ ಲೇಖನಕ್ಕೆ ತಲೆಯಿಲ್ಲದ ಹೊಟ್ಟೆಯ ಚಿತ್ರ, ವ್ಯಾಯಾಮದ ಲೇಖನಕ್ಕೆ ಇಪ್ಪತ್ತರ ತೆಳ್ಳನೆಯ ಯುವತಿಯ ಚಿತ್ರ ಹಾಕುವ ರೂಢಿ ಬಿಡಬಹುದು. ಐವತ್ತು ದಾಟಿದವರು, ದಪ್ಪಗಿರುವವರು, ಗಾಲಿಕುರ್ಚಿಯಲ್ಲಿ ಕೂತವರು ಮುಖ ಸಮೇತ, ಮೈಯೆಲ್ಲ ಬೆವರಿ ವ್ಯಾಯಾಮ ಮಾಡುತ್ತಿರುವ ಚಿತ್ರ ಹಾಕಿ, ಅಡಿಬರಹದಲ್ಲಿ ಅವರು ಎತ್ತುತ್ತಿರುವ ಭಾರವೆಷ್ಟು, ಎಷ್ಟು ತಿಂಗಳಲ್ಲಿ ಅಲ್ಲಿಗೆ ಬಂದರು ಎಂದು ಬರೆಯಿರಿ. ಇಂಗ್ಲೆಂಡಿನ ಸಾರ್ವಜನಿಕ ಕ್ರೀಡಾ ಸಂಸ್ಥೆ 2015ರಲ್ಲಿ ಇಂಥದೇ ಚಿತ್ರಗಳಿಂದ ಹೆಂಗಸರಿಗಾಗಿ ದೊಡ್ಡ ಪ್ರಚಾರ ನಡೆಸಿದೆ, ಮಾದರಿ ಕಣ್ಣೆದುರೇ ಇದೆ.

ನಮ್ಮ ವೃತ್ತಿಯ ಗೆಳೆಯರಿಗೂ ಒಂದು ಮಾತು. ಹೊಸದಾಗಿ ಬಂದ ಹೆಂಗಸನ್ನು ಮೊದಲು ತಕ್ಕಡಿ ಮೇಲೆ ನಿಲ್ಲಿಸುವ ಬದಲು ಕುರ್ಚಿಯಿಂದ ಕೈ ಊರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತಾರೆ, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ, ಒಂದೇ ಕಾಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಬರೆದಿಡಿ. ಎಂಟು ವಾರಕ್ಕೆ ಮತ್ತೆ ಅಳೆಯಿರಿ. ಈ ಅಂಕಿಗಳು ಏರುವುದು ಬಹುತೇಕ ಎಲ್ಲರಲ್ಲೂ ಕಾಣುತ್ತದೆ. ‘ತಿಂದದ್ದನ್ನು ಸುಡಿ’, ‘ನೆಪ ಹೇಳಬೇಡಿ’ ಎಂಬ ಗೋಡೆ ಬರಹಗಳನ್ನು ತೆಗೆಯಿರಿ, ಊಟ ಅಪರಾಧವಲ್ಲ, ವ್ಯಾಯಾಮ ಅದಕ್ಕೆ ದಂಡವೂ ಅಲ್ಲ.

ಓದುಗರು ಫೋನಿನಲ್ಲಿ ಮಾಡಬಹುದಾದದ್ದೂ ಇದೆ. ಹೊಟ್ಟೆ ಕರಗಿಸುವ ಬಗ್ಗೆ ಒಮ್ಮೆ ಹುಡುಕಿದರೆ ವಾರಗಟ್ಟಲೆ ಅವೇ ಜಾಹೀರಾತುಗಳು ಬೆನ್ನು ಹತ್ತುತ್ತವೆ. ಗೂಗಲ್ ಖಾತೆಯ ಜಾಹೀರಾತು ಸೆಟ್ಟಿಂಗ್‌ನಲ್ಲಿ ಸೂಕ್ಷ್ಮ ವಿಷಯಗಳ ಪಟ್ಟಿಗೆ 2022ರಿಂದ ತೂಕ ಇಳಿಕೆಯೂ ಸೇರಿದೆ, ಅದನ್ನು ಸೀಮಿತಗೊಳಿಸಿದರೆ ಯೂಟ್ಯೂಬ್‌ನಲ್ಲೂ ಕಡಿಮೆಯಾಗುತ್ತವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಜಾಹೀರಾತಿನ ಮೂಲೆಯ ಮೂರು ಚುಕ್ಕಿ ಒತ್ತಿ ಮರೆಮಾಡಬಹುದು, ದೂರು ಕೊಡಬಹುದು. ದೇಹದ ಬಗ್ಗೆ ಕೀಳರಿಮೆ ಹುಟ್ಟಿಸುವ ಜಾಹೀರಾತಿಗೆ ಅವುಗಳ ನಿಯಮದಲ್ಲೇ ಜಾಗವಿಲ್ಲ. ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಅವರ ಫೋನಿನಲ್ಲೂ ಇದನ್ನು ಅವರ ಜೊತೆ ಕೂತೇ ಮಾಡಿ. ಮಕ್ಕಳ ಊಟ ಇದ್ದಕ್ಕಿದ್ದಂತೆ ಕಡಿಮೆಯಾಗಿದ್ದರೆ, ಊಟವಾದ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದರೆ, ಜ್ವರದಲ್ಲೂ ವ್ಯಾಯಾಮ ತಪ್ಪಿಸಲು ಒಪ್ಪದಿದ್ದರೆ ಬೈಯದೆ ವೈದ್ಯರ ಬಳಿ ಕರೆದೊಯ್ಯಿರಿ.

ಜಾಹೀರಾತು ವಿಭಾಗಕ್ಕೆ ಮೇಲೆ ಬರೆದ ಪ್ರಶ್ನೆಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಮಾಡಿಸಿ ದರಪಟ್ಟಿಯ ಜೊತೆಗೇ ಏಜೆನ್ಸಿಗಳಿಗೆ ಕಳಿಸಬಹುದು. ಉತ್ತರ ತುಂಬಿದ ಹಾಳೆ ಬಂದ ಮೇಲೆ ಪುಟದಲ್ಲಿ ಜಾಗ ಕೊಟ್ಟರೆ ಸಾಕು. ಆ ಉತ್ತರಗಳನ್ನು ಪರಿಶೀಲಿಸಲು ವ್ಯಾಯಾಮ, ಫಿಸಿಯೊಥೆರಪಿ ಬಲ್ಲವರ ನೆರವು ಬೇಕಾದರೆ ನಾವು ಸಿದ್ಧರಿದ್ದೇವೆ.

ಇತಿ,
ಮಹಿಳಾ ವ್ಯಾಯಾಮ ತರಬೇತುದಾರರು ಮತ್ತು ಫಿಸಿಯೊಥೆರಪಿಸ್ಟರು